ಓರಗಿತ್ತಿಯ ಪೆಟ್ಟಿಗೆ

ಅವಳಿಗೆ ಪಿಟೀಲು ಎಂದು ಹೆಸರಿಟ್ಟವರು ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ಮೆಟ್ಟಿಲು ಗುಡಿಸುವಾಗ ಮೂಗಿನಲ್ಲೇ ಏನೋ ಒಂದು ರಾಗ ಎಳೆಯುತ್ತಿದ್ದಳು. ಆ ರಾಗಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. "ಈ ಪಿಟೀಲಿನ ತಂತಿ ಯಾರಾದ್ರೂ ಸ್ವಲ್ಪ ಸಡಿಲ ಮಾಡ್ರಪ್ಪಾ" ಎಂದರು ಅತ್ತೆ. ಮನೆಯವರೆಲ್ಲ ನಕ್ಕರು, ಅವಳೂ ನಕ್ಕಳು. ಅಂದಿನಿಂದ ಹೆತ್ತವರು ಇಟ್ಟ ಹೆಸರು ಮೂಲೆ ಸೇರಿತು. ಅತ್ತೆ ತೀರಿಕೊಂಡ ಮೇಲೂ ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಬಂದರಿನಲ್ಲೂ ಅವಳು ಪಿಟೀಲೇ.

ಎರಡು ಅಂತಸ್ತಿನ ಮನೆ. ಕೆಳಗೆ ಭಾವ ಮತ್ತು ಓರಗಿತ್ತಿ, ಮೇಲೆ ಪಿಟೀಲು, ಅವಳ ಗಂಡ, ಮಗಳು. ನಡುವೆ ಹೊರಗಡೆಯಿಂದ ಹತ್ತುವ ಕಬ್ಬಿಣದ ಮೆಟ್ಟಿಲು, ಉಪ್ಪುಗಾಳಿಗೆ ತುಕ್ಕು ಹಿಡಿದು ಕಾಲಿಟ್ಟರೆ ಕಿರುಗುಟ್ಟುತ್ತಿತ್ತು. ಕೆಳಗೆ ಯಾರಾದರೂ ಸೀನಿದರೆ ಮೇಲಿನವರು "ಶೀತ ಆಯ್ತಾ?" ಎಂದು ಕೇಳುವಷ್ಟು ಹತ್ತಿರ. ಓರಗಿತ್ತಿಯನ್ನು ಅವಳು ಅಕ್ಕ ಎಂದೇ ಕರೆಯುತ್ತಿದ್ದಳು. ಮಗಳು ಹುಟ್ಟಿದಾಗ ಹೆತ್ತವಳಿಗಿಂತ ಮೊದಲು ಎತ್ತಿಕೊಂಡವಳು ಈ ಅಕ್ಕ. ಓರಗಿತ್ತಿಯರೆಂದರೆ ಒಂದು ಒರೆಯಲ್ಲಿ ಎರಡು ಕತ್ತಿ ಎನ್ನುವ ಜನಕ್ಕೆ ಇವರಿಬ್ಬರನ್ನು ಕಂಡು ಬೇಜಾರಾಗುತ್ತಿತ್ತು. ಆಡಿಕೊಳ್ಳಲು ಏನೂ ಸಿಗುತ್ತಿರಲಿಲ್ಲ.

ಗಂಡ ಬಂದರಿನಲ್ಲಿ ಕ್ರೇನ್ ಓಡಿಸುವವನು. ಮಾತು ಕಡಿಮೆ, ಗಂಟು ಜಾಸ್ತಿ. ಬಟ್ಟೆ ಒಣಹಾಕುವ ಹಗ್ಗವಾಗಲಿ, ಹಳೇ ಪೇಪರಿನ ಕಟ್ಟಾಗಲಿ, ಮಗಳ ಚೀಲದ ದಾರವಾಗಲಿ, ಅವನು ಹಾಕಿದ ಗಂಟು ಬಿಚ್ಚಲು ಕತ್ತರಿಯೇ ಬೇಕು. ಬಾಲವನ್ನು ಎರಡು ಸುತ್ತು ತಿರುಗಿಸಿ ಅದೇ ಗಂಟಿನ ಹೊಟ್ಟೆಯೊಳಗೆ ಸಿಕ್ಕಿಸಿಬಿಡುತ್ತಿದ್ದ. "ಮೊದ್ಲೇ ಗೊತ್ತಿದ್ರೆ ತವರಿಂದ ಒಂದು ಕತ್ತರಿ ತರ್ತಿದ್ದೆ" ಎಂದು ಅವಳು ಅಂದರೆ, "ಬಿಚ್ಚೋ ಯೋಚನೆ ಯಾಕೆ ಬಂತು?" ಎಂದು ಅವನು ನಗುತ್ತಿದ್ದ.

ಬಂದರಿನ ಕೆಲಸಕ್ಕೆ ಅವಳನ್ನು ಕರೆದುಕೊಂಡು ಹೋದವಳೂ ಅಕ್ಕನೇ. ಅಕ್ಕ ಮೊದಲಿಂದಲೂ ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಳು. "ಮನೇಲಿ ಕೂತು ಗೋಡೆಗೆ ರಾಗ ಕೇಳಿಸೋದಕ್ಕಿಂತ ಬಂದು ನಾಲ್ಕು ತಂತಿ ಹಿಡಿ" ಎಂದು ಎಳೆದುಕೊಂಡು ಹೋದಳು. ಪಿಟೀಲು ತಂತಿ ಹಿಡಿದಳು, ತುದಿಗೆ ಪ್ಲಗ್ಗು ಕಚ್ಚಿಸಿದಳು, ಪೆಟ್ಟಿಗೆಗಳ ಮುಂದೆ ಕೂತು ಅವುಗಳ ಭಾಷೆ ಕಲಿತಳು. ಪೆಟ್ಟಿಗೆ ಎಂದರೆ ರೂಟರು. ಯಾವ ಸುದ್ದಿ ಯಾವ ದಾರಿ ಹಿಡಿಯಬೇಕೆಂದು ಹೇಳುವ ಯಂತ್ರ. ಕಂಪನಿಯವರು ಇಟ್ಟ ಉದ್ದ ಹೆಸರು ಇಬ್ಬರ ಬಾಯಲ್ಲೂ ನಿಲ್ಲಲಿಲ್ಲ.

ಆ ಬಂದರಿನಲ್ಲಿ ಮೀನಿನ ಹರಾಜು ಗಡಿಯಾರದಿಂದ ನಡೆಯುತ್ತಿತ್ತು. ಹೊತ್ತು ತೋರಿಸುವ ಗಡಿಯಾರವಲ್ಲ, ಬೆಲೆ ತೋರಿಸುವ ಗಡಿಯಾರ. ಮುಳ್ಳು ದೊಡ್ಡ ಬೆಲೆಯಿಂದ ಹೊರಟು ಸರಸರನೆ ಇಳಿಯುತ್ತಾ ಬರುತ್ತದೆ. ಯಾರು ಮೊದಲು ಗುಂಡಿ ಒತ್ತುತ್ತಾರೋ ಬುಟ್ಟಿ ಅವರದ್ದು. ಬೇಗ ಒತ್ತಿದರೆ ಕೈ ಸುಡುತ್ತದೆ, ತಡ ಮಾಡಿದರೆ ಪಕ್ಕದವರ ಪಾಲು. ಗಡಿಯಾರ ಇರುವುದು ಹರಾಜು ಕಟ್ಟೆಯ ಮೇಲೆ. ಅದರ ಚಿತ್ರ ಮೂರು ಶೆಡ್ಡುಗಳ ಪರದೆಗಳಿಗೂ ಒಂದೇ ಏಟಿಗೆ ಹೋಗಬೇಕು. ಮೊದಲೆರಡು ಶೆಡ್ಡು ಕಟ್ಟೆಗೆ ಅಂಟಿಕೊಂಡಿದ್ದವು, ಅಲ್ಲಿ ದೊಡ್ಡ ವ್ಯಾಪಾರಿಗಳು. ಮೂರನೆಯದು ಅಂಗಳದ ಆಚೆ, ತಗಡಿನ ಸೂರು, ಸದಾ ಒದ್ದೆ ನೆಲ. ಅಲ್ಲಿ ಬುಟ್ಟಿ ಹೊತ್ತು ಮಾರುವ ಹೆಂಗಸರು, ಸಣ್ಣ ಅಂಗಡಿಯವರು. ಅವರಿಗೆ ಕಟ್ಟೆ ಕಾಣುವುದಿಲ್ಲ. ಪರದೆಯೇ ಕಣ್ಣು.

ಒಂದೇ ಚಿತ್ರವನ್ನು ಹಲವರಿಗೆ ಒಮ್ಮೆಲೇ ಹಂಚುವ ಈ ಕೆಲಸಕ್ಕೆ ಮಲ್ಟಿಕಾಸ್ಟ್ ಎನ್ನುತ್ತಾರೆ. ಅದನ್ನು ಕಲಿಸಿದ ದಿನ ಅಕ್ಕ ಹೇಳಿದ್ದನ್ನು ಪಿಟೀಲು ಕಡೆಯವರೆಗೂ ಮರೆಯಲಿಲ್ಲ.

"ಒಂದು ಸುದ್ದಿ ಒಬ್ರಿಗೆ ಹೇಳೋದು ಕಷ್ಟ ಅಲ್ಲ ಕಣೆ. ಎಲ್ರಿಗೂ ಹಂಚೋದಿದ್ಯಲ್ಲ, ಅಲ್ಲೇ ಫಜೀತಿ. ಒಬ್ಳು ಇಬ್ರಿಗೆ ಹೇಳ್ತಾಳೆ, ಆ ಇಬ್ರು ಇನ್ನಿಬ್ರಿಗೆ. ಅವ್ರಲ್ಲೊಬ್ಳು ತಿರುಗಿ ಮೊದಲ್ನೆಯವಳಿಗೇ ಬಂದು 'ಗೊತ್ತೇನೇ?' ಅಂತಾಳೆ. ಇವಳು ಹೊಸ ಸುದ್ದಿ ಅಂದ್ಕೊಂಡು ಮತ್ತೆ ಹಂಚ್ತಾಳೆ. ಸಂಜೆ ಹೊತ್ತಿಗೆ ಬೀದಿ ತುಂಬ ಅದೇ ಗದ್ದಲ. ಪೆಟ್ಟಿಗೆಗಳೂ ಹಾಗೇ. ಅದಕ್ಕೇ ಅವಕ್ಕೆ ಒಂದು ಬುದ್ಧಿ ಕೊಟ್ಟಿದ್ದಾರೆ. ಸುದ್ದಿ ಬಂತಾ? ಇದನ್ನ ಹೇಳಿದವಳ ಮನೆಗೆ ನಾನು ಹೋಗ್ಬೇಕಾದ್ರೆ ಯಾವ ಬಾಗಿಲಿಂದ ಹೋಗ್ತೀನಿ ಅಂತ ನೋಡ್ಕೊಳ್ಳುತ್ತೆ. ಅದೇ ಬಾಗಿಲಿಂದ ಬಂದಿದ್ರೆ ಒಳಗೆ ತಗೊಂಡು ಮುಂದಕ್ಕೆ ಹಂಚುತ್ತೆ. ಬೇರೆ ಬಾಗಿಲಿಂದ ಬಂದಿದ್ರೆ ಸುತ್ತಿ ಬಳಸಿ ಬಂದಿದ್ದು ಅಂತ ಎಸೆದುಬಿಡುತ್ತೆ."

"ಸುದ್ದಿ ನಿಜವಾಗಿದ್ರೆ?"

"ನಿಜ ಸುಳ್ಳು ಅದಕ್ಕೆ ಬೇಡ. ಬಾಗಿಲು ಮಾತ್ರ ನೋಡುತ್ತೆ. ಚಿತ್ರ ಬರ್ಲಿಲ್ಲ ಅಂದ್ರೆ ಎಲ್ಲಿಗೆ ಹೋಯ್ತು ಅಂತ ಮುಂದೆ ಓಡ್ಬೇಡ. ಪೆಟ್ಟಿಗೆ ಪಕ್ಕ ನಿಂತ್ಕೊಂಡು ಹಿಂದಕ್ಕೆ ತಿರುಗಿ ನೋಡು."

ಪುಸ್ತಕದವರು ಇದನ್ನು ರಿವರ್ಸ್ ಪಾತ್ ಎಂದರು. ಇವರಿಬ್ಬರು ಬಾಗಿಲು ಪರೀಕ್ಷೆ ಎಂದರು.

ಬಂದರಿನ ಪೆಟ್ಟಿಗೆಗಳನ್ನು ಇಬ್ಬರೂ ಪಾಲು ಮಾಡಿಕೊಂಡಿದ್ದರು. ಹರಾಜು ಕಟ್ಟೆಯದು, ಐಸ್ ಮನೆಯದು ಪಿಟೀಲಿಗೆ. ಕ್ರೇನಿನ ಬುಡದ್ದು, ಮೂರನೇ ಶೆಡ್ಡಿನದು ಅಕ್ಕನಿಗೆ. ಒಬ್ಬರಿಗೆ ಹುಷಾರಿಲ್ಲದಿದ್ದರೆ ಇರಲಿ ಎಂದು ಒಬ್ಬರ ಪಾಸ್‌ವರ್ಡು ಇನ್ನೊಬ್ಬರಿಗೆ ಗೊತ್ತಿತ್ತು. ಆದರೆ ಕೇಳದೆ ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರು ತೆರೆಯುತ್ತಿರಲಿಲ್ಲ. ಯಾರೂ ಬರೆದಿಟ್ಟ ಕಟ್ಟಳೆಯಲ್ಲ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದವರು ಒಬ್ಬರ ಪಾತ್ರೆಯ ಮುಚ್ಚಳ ಇನ್ನೊಬ್ಬರು ಎತ್ತಿ ನೋಡುವುದಿಲ್ಲವಲ್ಲ, ಹಾಗೆ. ಬಂದರಿನಲ್ಲಿ ಬೇರೆ ಯಾರಿದ್ದರೂ ಪೆಟ್ಟಿಗೆ ಕೆಟ್ಟರೆ ಯಾರದ್ದೆಂದು ನೋಡದೆ ಬಿಚ್ಚುತ್ತಿದ್ದರು. ಇವರಿಗೆ ಮಾತ್ರ ಆ ಮರ್ಯಾದೆ.

ಒಂದು ಬೆಳಗ್ಗೆ ಮೂರನೇ ಶೆಡ್ಡಿನ ಪರದೆಗಳು ಕಪ್ಪಾದವು.

ಸೀಗಡಿಯ ಒಳ್ಳೇ ಸುಗ್ಗಿಯ ದಿನ. ಕಟ್ಟೆಯ ಮೇಲೆ ಗಡಿಯಾರ ಓಡುತ್ತಿದೆ, ಮೊದಲೆರಡು ಶೆಡ್ಡುಗಳಲ್ಲಿ ಪಟಪಟನೆ ಗುಂಡಿಗಳು ಬೀಳುತ್ತಿವೆ, ಮೂರನೆಯದರಲ್ಲಿ ಕತ್ತಲು. ಹೆಂಗಸರು ಪರದೆಗೆ ತಟ್ಟಿದರು, ಕೂಗಿದರು. ಕೊನೆಗೆ ಅಂಗಳ ದಾಟಿ ಕಟ್ಟೆಯತ್ತ ಓಡಿದರು. ಓಡಿ ಬಂದು ಬೆಲೆ ನೋಡುವಷ್ಟರಲ್ಲಿ ಮಾಲೆಲ್ಲ ದೊಡ್ಡವರ ಪಾಲಾಗಿತ್ತು. ಖಾಲಿ ಬುಟ್ಟಿ ಹಿಡಿದು ವಾಪಸು ಬಂದವರಲ್ಲಿ ಎಲ್ಲರಿಗಿಂತ ಮುಂದಿದ್ದವಳು ಏಡಿ ಅಜ್ಜಿ. ಏಡಿ ಮಾರುವವಳು, ನಾಲಿಗೆಗೂ ಏಡಿಯ ಕೊಂಡಿ.

"ಪಿಟೀಲೇ, ದೊಡ್ಡೋರು ಏನು ತಿನ್ನಿಸಿದ್ರೇ ನಿನಗೆ?" ಎಂದಳು ಶೆಡ್ಡಿನ ಮಧ್ಯೆ ನಿಂತು. "ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ ಅವ್ರಿಗೆ ಪಂಕ್ತಿ ಹಾಕ್ತೀಯಲ್ಲ!"

"ಅಜ್ಜಿ, ಏನೋ ಕೆಟ್ಟಿದೆ. ನೋಡ್ತಾ ಇದೀನಿ."

"ಕೆಟ್ಟಿದ್ರೆ ಮೂರೂ ಕಡೆ ಕೆಡ್ಬೇಕಿತ್ತು. ನಮ್ಮದೊಂದೇ ಕೆಡುತ್ತೆ ಅಂದ್ರೆ ಅದು ಕೆಟ್ಟಿದ್ದಲ್ಲ, ಕೆಡಿಸಿದ್ದು."

ಪಿಟೀಲು ಹುಡುಕಿದಳು. ಕಟ್ಟೆಯ ಪೆಟ್ಟಿಗೆಯಿಂದ ಚಿತ್ರ ಹೊರಟಿದೆ. ಐಸ್ ಮನೆಯ ಪೆಟ್ಟಿಗೆಗೆ ಬಂದಿದೆ. ಅಲ್ಲಿಂದ ಮೂರನೇ ಶೆಡ್ಡಿನ ದಾರಿಗೆ, ಯಾರು ಕೇಳಲಿ ಬಿಡಲಿ, ಸುರಿಯುತ್ತಲೇ ಇರು ಎಂದು ಅವಳೇ ಹಿಂದೆ ಅಪ್ಪಣೆ ಬರೆದಿದ್ದಳು, ಸುರಿಯುತ್ತಲೇ ಇದೆ. ಹಾಗಾದರೆ ಶೆಡ್ಡಿನಲ್ಲಿ ಯಾಕಿಲ್ಲ? ತಂತಿ ಬದಲಿಸಿದಳು. ಏಣಿ ಹಾಕಿ ಪರದೆಗಳನ್ನು ಒಂದೊಂದಾಗಿ ಇಳಿಸಿ, ಮೊದಲ ಶೆಡ್ಡಿಗೆ ಹೊತ್ತು ಹೋಗಿ ಹಚ್ಚಿ ನೋಡಿದಳು, ಅಲ್ಲಿ ಬೆಳಗಿದವು. ವಾಪಸು ತಂದು ಹಚ್ಚಿದರೆ ಕತ್ತಲು. ಮೂರನೇ ಶೆಡ್ಡಿನ ಕಂಪ್ಯೂಟರಿಗೆ ಐಸ್ ಮನೆಯಿಂದ ಕೂಗಿದರೆ ಓಗೊಡುತ್ತಿತ್ತು, ಫೋನು, ತೂಕದ ಯಂತ್ರ ಎಲ್ಲ ಓಡುತ್ತಿದ್ದವು. ಬೆಲೆಯ ಚಿತ್ರ ಒಂದೇ ಇಲ್ಲ.

ಮ್ಯಾನೇಜರು ಕೆಟ್ಟ ಮನುಷ್ಯನೇನಲ್ಲ, ಆದರೆ ಎರಡೂ ಕಡೆಯಿಂದ ಏಟು ತಿಂದು ಸೋತಿದ್ದರು. "ನೋಡಮ್ಮ, ಚಿತ್ರ ಕಳಿಸೋಳು ನೀನು. ಬರ್ತಾ ಇಲ್ಲ ಅಂದ್ರೆ ನಾನು ಯಾರನ್ನ ಕೇಳ್ಲಿ? ಆ ಶೆಡ್ಡಿನವರು ನಿನ್ನ ಮೇಲೆ ದೂರು ಕೊಟ್ಟಿದ್ದಾರೆ, ಬೇಕೂಂತ ಆರಿಸಿದ್ದೀಯ ಅಂತ. ಈ ವಾರ ಮುಗಿಯೋದ್ರೊಳಗೆ ಸರಿಹೋಗದಿದ್ರೆ ನೀನು ಬೇರೆ ಕಡೆ ಕೆಲಸ ಹುಡ್ಕೋ. ಇನ್ಮುಂದೆ ಒಬ್ಬರೇ ಎಲ್ಲಾ ಪೆಟ್ಟಿಗೆ ನೋಡ್ಕೊಳ್ಲಿ ಅಂತ ಮೇಲಿನವರೂ ಹೇಳ್ತಾ ಇದ್ದಾರೆ."

ಕೆಲಸ ಹೋದರೆ ಇನ್ನೊಂದು ಸಿಗಬಹುದು. ಮೋಸಗಾತಿ ಎಂದು ಹೆಸರು ಹೊತ್ತು ಅದೇ ಬೀದಿಯಲ್ಲಿ ತರಕಾರಿ ತರಲು ಹೋಗುವುದು ಹೇಗೆ? ಆ ಶೆಡ್ಡಿನ ಅರ್ಧ ಹೆಂಗಸರು ಅವಳ ಬೀದಿಯವರೇ. ಮಗಳನ್ನು ಶಾಲೆಗೆ ಬಿಡುವಾಗ ಎದುರು ಬಂದವರು ಮುಖ ತಿರುಗಿಸಿಕೊಳ್ಳತೊಡಗಿದರು.

ಐಸ್ ಮನೆಯ ಮೇಲಿನ ಕೋಣೆಯಲ್ಲಿ ಇಬ್ಬರೂ ಊಟಕ್ಕೆ ಕೂರುತ್ತಿದ್ದರು. ಕೆಳಗಿನ ಮಂಜಿನಿಂದ ನೆಲ ಸದಾ ತಣ್ಣಗೆ, ಇಬ್ಬರೂ ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಳ್ಳುತ್ತಿದ್ದರು. ಪರದೆ ಕಪ್ಪಾದ ಮೂರನೇ ದಿನ ಅಕ್ಕ ತನ್ನ ಡಬ್ಬಿಯಿಂದ ಒಂದು ಪಾಲು ತೆಗೆದು ಪಿಟೀಲಿನ ಮುಚ್ಚಳಕ್ಕೆ ಹಾಕಿದಳು.

"ತಿನ್ನು. ಮುಖ ನೋಡು ಹೇಗೆ ಬತ್ತಿಹೋಗಿದೆ."

"ಅಕ್ಕಾ, ನಿನ್ನ ಪೆಟ್ಟಿಗೇಲಿ ಏನಾದ್ರೂ ಮುಟ್ಟಿದ್ಯಾ? ಮೂರನೇ ಶೆಡ್ಡಿಂದು?"

"ಇಲ್ಲಪ್ಪ. ನಾನ್ಯಾಕೆ ಮುಟ್ಲಿ? ಅಲ್ಲಿಗೆ ಬಂದ್ರೆ ತಾನೇ ಅದು ತೋರ್ಸೋದು. ನಿನ್ನ ಕಡೆಯಿಂದಾನೇ ಬರ್ತಾ ಇಲ್ಲ ಕಣೆ."

"ನನ್ನ ಕಡೆಯಿಂದ ಹೋಗ್ತಾ ಇದೆಯಲ್ಲ."

"ಇನ್ನೊಂದ್ಸಲ ನೋಡು. ಕಣ್ಣು ತಪ್ಪಿರುತ್ತೆ."

ಪಿಟೀಲು ಇನ್ನೊಂದು ಸಲ ನೋಡಿದಳು. ಮತ್ತೊಂದು ಸಲ ನೋಡಿದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ತನ್ನ ಎರಡು ಪೆಟ್ಟಿಗೆಗಳನ್ನೇ ತಿರುವಿ ಮುರುವಿ ನೋಡಿದಳು. ತಪ್ಪು ತನ್ನದೇ ಎಂದು ಅವಳಿಗೇ ನಂಬಿಕೆಯಾಗತೊಡಗಿತು. ಸಂಜೆ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಗಂಡ ಪಕ್ಕ ಕೂತು ಬೆನ್ನು ಸವರಿದ. "ಹೋಗ್ಲಿ ಬಿಡು, ಇದೊಂದೇನಾ ಕೆಲ್ಸ ಲೋಕದಲ್ಲಿ?" ಎಂದ. ಕೆಳಗಿನ ಕಿಟಕಿಯಿಂದ ಅಕ್ಕ "ಅಳ್ಬೇಡ್ವೇ, ನಾನಿಲ್ವಾ?" ಎಂದಳು. ಆ ಮಾತು ಕೇಳಿ ಪಿಟೀಲಿಗೆ ಇನ್ನೂ ಅಳು ಬಂತು, ಎಂಥ ಮನೆ ಸೇರಿದೆನಲ್ಲ ಎಂಬ ಸಮಾಧಾನದ ಅಳು.

ದಾರಿ ಸಿಕ್ಕಿದ್ದು ಏಡಿ ಅಜ್ಜಿಯ ಬೈಗುಳದಿಂದ.

ಮರುದಿನ ಪಿಟೀಲು ಶೆಡ್ಡಿನಲ್ಲಿ ಏಣಿಯ ಮೇಲಿದ್ದಳು. ಅಜ್ಜಿ ಕೆಳಗೆ ಏಡಿಯ ಬುಟ್ಟಿ ಇಟ್ಟುಕೊಂಡು ಒಂದೊಂದರ ಚಿತ್ರ ಫೋನಿನಲ್ಲಿ ತೆಗೆದು ಶೆಡ್ಡಿನ ವೈಫೈಯಲ್ಲಿ ತನ್ನ ಗಿರಾಕಿಗಳಿಗೆ ಕಳಿಸುತ್ತಿದ್ದಳು. ಕಳಿಸುತ್ತಲೇ ಬಾಯಿ.

"ಎಲ್ಲಾ ನೆಟ್ಟಗಿದೆ, ಇವಳ ಪರದೆಗೆ ಮಾತ್ರ ರೋಗ. ಇದೇ ಫೋನಲ್ಲಿ ಮೊದ್ಲು ಒಂದು ಏಡಿ ಕಳಿಸೋಷ್ಟ್ರಲ್ಲಿ ಆ ಏಡಿ ಸತ್ತು ನಾರ್ತಿತ್ತು. ಈಗ ನೋಡು, ಒತ್ತಿದ್ರೆ ಹೋಯ್ತು! ಫೋಟೋಗೆ ರೆಕ್ಕೆ ಬಂದಿದೆ, ಪರದೆಗೆ ಕಾಲು ಹೋಗಿದೆ."

ಪಿಟೀಲು ಏಣಿಯ ಮೇಲೇ ನಿಂತಳು. "ಯಾವಾಗಿಂದ ಅಜ್ಜಿ?"

"ಏನು ಯಾವಾಗಿಂದ?"

"ಫೋಟೋ ಬೇಗ ಹೋಗ್ತಿರೋದು."

"ನೀನು ನಮ್ಮ ಕಣ್ಣು ಕಿತ್ತೆಯಲ್ಲ, ಆವತ್ತಿಂದ."

"ಬರೋ ಫೋಟೋ? ಗಿರಾಕಿಗಳು ಕಳಿಸೋದು?"

"ಅದು ಹಳೇ ಕತೆ. ಸುತ್ತುತ್ತಾ ಕೂತಿರುತ್ತೆ."

ಹೊರಗೆ ಹೋಗುವುದು ಚುರುಕಾಗಿದೆ, ಒಳಗೆ ಬರುವುದು ಮೊದಲಿನ ಹಾಗೇ ಇದೆ. ಐಸ್ ಮನೆಯ ತಂತಿ ಹಳೆಯದು, ನಿಧಾನದ್ದು. ಆ ತಂತಿಯಲ್ಲಿ ಫೋಟೋಗೆ ರೆಕ್ಕೆ ಬರಲು ಸಾಧ್ಯವೇ ಇಲ್ಲ. ಎಂದರೆ ಈ ಶೆಡ್ಡಿನಿಂದ ಹೊರಗೆ ಹೋಗಲು ಬೇರೆ ಬಾಗಿಲು ಬಂದಿದೆ. ಹಾಗಾದರೆ ಶೆಡ್ಡಿನ ಪೆಟ್ಟಿಗೆಯನ್ನು 'ಹರಾಜು ಕಟ್ಟೆಗೆ ಹೇಗೆ ಹೋಗ್ತೀಯ?' ಎಂದು ಕೇಳಿದರೆ ಅದು ಹೊಸ ಬಾಗಿಲು ತೋರಿಸುತ್ತದೆ. ಕಟ್ಟೆಯ ಚಿತ್ರ ಬರುತ್ತಿರುವುದು ಹಳೇ ಬಾಗಿಲಿಂದ. ಪೆಟ್ಟಿಗೆ ತನಗೆ ಕಲಿಸಿದ್ದನ್ನೇ ಮಾಡುತ್ತಿದೆ: ಎಸೆಯುತ್ತಿದೆ.

ಅವಳು ಏಣಿ ಇಳಿದಳು. ಇಷ್ಟು ದಿನ ಚಿತ್ರದ ಹಿಂದೆ ಮುಂದಕ್ಕೆ ಓಡಿದ್ದಳು. ಹಿಂದಕ್ಕೆ ತಿರುಗಿ ನೋಡಬೇಕಾದರೆ ನಿಲ್ಲಬೇಕಾದದ್ದು ಅಕ್ಕನ ಪೆಟ್ಟಿಗೆಯ ಪಕ್ಕ.

ಕೋಣೆಗೆ ಹೋದಾಗ ಅಕ್ಕ ಇರಲಿಲ್ಲ, ತೂಕದ ಕಡೆ ಹೋಗಿದ್ದಳು. ಪಿಟೀಲು ಕಾದಳು. ಅಕ್ಕ ಬಂದ ಮೇಲೆ ಮತ್ತೊಮ್ಮೆ ಕೇಳಿದಳು, ಮೆತ್ತಗೆ, ಉತ್ತರ ಬಾಯಿಗೆ ಬರಲು ಜಾಗ ಬಿಟ್ಟು.

"ಅಕ್ಕಾ, ಮೂರನೇ ಶೆಡ್ಡಿಗೆ ಹೊಸ ತಂತಿ ಏನಾದ್ರೂ ಬಂದಿದ್ಯಾ?"

"ಎಲ್ಲಿಂದ ಬರುತ್ತೆ? ಯಾಕೆ?" ಅಕ್ಕನ ಕೈ ಕುಪ್ಪಸದ ತೋಳಿನ ಒಂದು ಎಳೆ ಕೀಳುತ್ತಿತ್ತು. "ನೀನು ಊಟ ಮಾಡಿದ್ಯಾ ಇಲ್ವಾ?"

"ಆಯ್ತು" ಎಂದಳು ಪಿಟೀಲು. ಊಟ ಆಗಿರಲಿಲ್ಲ.

ಅಕ್ಕ ಮತ್ತೆ ಕೆಳಗೆ ಹೋದ ಮೇಲೆ ಪಿಟೀಲು ಮೂರನೇ ಶೆಡ್ಡಿನ ಪೆಟ್ಟಿಗೆಯನ್ನು ತೆರೆಯಲು ಕೂತಳು. ಅಷ್ಟು ಮುಚ್ಚಿಟ್ಟವಳು ಪಾಸ್‌ವರ್ಡು ಬದಲಿಸಿರುತ್ತಾಳೆ ಎಂದುಕೊಂಡಿದ್ದಳು. ಬದಲಿಸಿದ್ದರೆ ಚೆನ್ನಾಗಿತ್ತು. ಹಳೆಯದೇ ಇತ್ತು. ಅಕ್ಕ ಪ್ರೀತಿಯಿಂದ ಇಟ್ಟಿದ್ದ ಪಾಸ್‌ವರ್ಡು: ಪಿಟೀಲು. ತನ್ನ ಹೆಸರನ್ನು ತಾನೇ ಒತ್ತಿ ಒಳಗೆ ಹೋದಳು.

ಕಟ್ಟೆಗೆ ಹೋಗುವ ದಾರಿ ಯಾವುದೆಂದು ಪೆಟ್ಟಿಗೆಯನ್ನು ಕೇಳಿದಳು. ಕ್ರೇನಿನ ಬಾಗಿಲು ಎಂದಿತು. ಹರಾಜಿನ ಚಿತ್ರ ಎಲ್ಲಿಂದ ಬರುತ್ತಿದೆ ಎಂದು ಕೇಳಿದಳು. ಐಸ್ ಮನೆಯ ಬಾಗಿಲು, ತಪ್ಪು ಬಾಗಿಲು, ಎಸೆದೆ, ಎಸೆದೆ, ಎಸೆದೆ. ಅವಳು ನೋಡುತ್ತಿರುವಾಗಲೇ ಎಸೆದ ಲೆಕ್ಕ ಏರುತ್ತಿತ್ತು. ಹಾಗೇ ಎಲ್ಲವನ್ನೂ ಮುಚ್ಚಿ, ಏನನ್ನೂ ಮುಟ್ಟದೆ, ಎದ್ದು ಕ್ರೇನಿನ ಕಡೆ ನಡೆದಳು.

ತಂತಿ ಅಲ್ಲೇ ಇತ್ತು, ಎಲ್ಲರ ತಲೆಯ ಮೇಲೆ. ಕ್ರೇನಿನ ಬುಡದಿಂದ ಹತ್ತಿ, ಕಂಬದಿಂದ ಕಂಬಕ್ಕೆ ಹಾದು, ಮೂರನೇ ಶೆಡ್ಡಿನ ಸೂರಿನೊಳಗೆ ನುಸುಳಿತ್ತು. ಹೊಸ ಕರಿ ತಂತಿ. ಅಲ್ಲಲ್ಲಿ ನೀಲಿ ಟಾರ್ಪಾಲಿನ ಪಟ್ಟಿ ಹರಿದು ಕಟ್ಟಿದ್ದರು. ಕೆಳಗಿನ ಕಟ್ಟು ಅವಳ ಕೈಗೆ ಎಟುಕುತ್ತಿತ್ತು. ಬೆರಳಾಡಿಸಿದಳು. ಬಾಲ ಎರಡು ಸುತ್ತು ತಿರುಗಿ ಗಂಟಿನ ಹೊಟ್ಟೆಯೊಳಗೆ ಸಿಕ್ಕಿಕೊಂಡಿತ್ತು.

ಪಿಟೀಲು ಕ್ರೇನಿನ ಕಬ್ಬಿಣದ ಪಾದದ ಮೇಲೆ ಕೂತಳು. ಚಹಾದ ಹೊತ್ತಿಗೆ ಗಂಡ ಇಳಿದು ಬಂದ, ಲೋಟ ಹಿಡಿದುಕೊಂಡು.

"ಏನೇ ಇಲ್ಲಿ ಕೂತಿದ್ದೀಯ?"

"ರೀ, ಈ ತಂತಿ ಯಾರು ಕಟ್ಟಿದ್ದು?"

"ಯಾವುದು?"

"ನಿಮ್ಮ ತಲೆ ಮೇಲಿರೋದು."

ಅವನು ತಲೆ ಎತ್ತಲಿಲ್ಲ. ಲೋಟದೊಳಗೆ ನೋಡಿದ. "ಅತ್ತಿಗೆ ಹೇಳಿದ್ರು. ಶೆಡ್ಡಿನ ಕಾವಲು ಕ್ಯಾಮೆರಾ ಚಿತ್ರ ಹೊರಗೆ ಕಳ್ಸೋಕೆ ಹಳೇ ದಾರಿ ಸಾಲ್ತಾ ಇಲ್ಲ, ಮ್ಯಾನೇಜರ್ ಅವಸರ ಮಾಡ್ತಾ ಇದ್ದಾರೆ ಅಂತ. ಮೇಲೆ ಹತ್ತೋನು ನಾನೇ ತಾನೆ?"

"ಯಾವಾಗ ಕಟ್ಟಿದ್ದು?"

"ಪರದೆ ಹೋಯ್ತಲ್ಲ... ಅದರ ಹಿಂದಿನ ಸಂಜೆ."

"ಮೆಟ್ಟಿಲ ಮೇಲೆ ಕೂತು ನನ್ನ ಬೆನ್ನು ಸವರಿದ್ರಲ್ಲ, ಆಗ ಗೊತ್ತಿತ್ತಾ?"

"ಅದ್ರಿಂದಾನೇ ಅಂತ ಮೊದ್ಲು ಗೊತ್ತಿರ್ಲಿಲ್ಲ ಕಣೆ. ಆಮೇಲೆ ಅತ್ತಿಗೇನೇ ಹೇಳಿದ್ರು. ಈಗ ತೆಗೆದ್ರೆ ಆ ಕ್ಷಣಕ್ಕೇ ಪರದೆ ಹತ್ತುತ್ತೆ, ಯಾರು ಮಾಡಿದ್ದು ಅಂತ ಎಲ್ರಿಗೂ ಗೊತ್ತಾಗುತ್ತೆ, ಅವಳಿಗೆ ಹೇಳ್ಬೇಡ, ನಾನೇ ಸಮಯ ನೋಡಿ ಹೇಳ್ತೀನಿ ಅಂದ್ರು. ಒಂದೇ ಸೂರಿನ ಕೆಳಗೆ ಇರೋರು, ಸುಮ್ನೆ ಯಾಕೆ..."

"ಸುಮ್ನೆ?"

"ಒಬ್ರ ಕೆಲ್ಸ ಹೋಗೋದು ಹೇಗೂ ಖಾಯಂ ಅಂದ್ರು. ಅಣ್ಣ ಹಾಸಿಗೆ ಹಿಡಿದಿದ್ದಾನೆ, ಅವ್ರ ಕೆಲ್ಸ ಹೋದ್ರೆ ಆ ಮನೆ ನಿಲ್ಲಲ್ಲ. ನಿನಗಾದ್ರೆ ನಾನಿದ್ದೀನಲ್ಲ ಅಂದ್ಕೊಂಡೆ."

"ಇದ್ದೀರಾ?" ಎಂದಳು ಪಿಟೀಲು.

ಅವನ ಲೋಟದ ಚಹಾ ಹಾಗೇ ತಣ್ಣಗಾಯಿತು. ಅವಳು ಎದ್ದು ಹೋದಳು. ಅಂದು ಸಂಜೆ ಮನೆಯಲ್ಲಿ ಅಡುಗೆ ಮಾಡಿದಳು, ಮಗಳ ಜಡೆ ಹೆಣೆದಳು, ಎಲ್ಲರಿಗೂ ಬಡಿಸಿದಳು. ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಬೆಳಗಾಯಿತು. ಹರಾಜಿಗೆ ಜನ ಸೇರುತ್ತಿದ್ದರು. ಪಿಟೀಲು ಕೋಣೆಯಲ್ಲಿದ್ದ ಅಕ್ಕನಿಗೆ ಫೋನು ಮಾಡಿ, "ಅಕ್ಕಾ, ಲ್ಯಾಪ್‌ಟಾಪ್ ತಗೊಂಡು ಮೂರನೇ ಶೆಡ್ಡಿಗೆ ಬಾ" ಎಂದಳು. ಅಕ್ಕ ಬಂದಳು. ಒದ್ದೆ ನೆಲ, ಮೂಗಿಗೆ ಮೀನಿನ ವಾಸನೆ, ಸುತ್ತ ಖಾಲಿ ಬುಟ್ಟಿಗಳು, ಮೇಲೆ ಕಪ್ಪು ಪರದೆಗಳು. ಮಾಲು ತೂಗುವ ಮೇಜಿನ ಮೇಲೆ ಪಿಟೀಲು ಜಾಗ ಮಾಡಿ ಇಟ್ಟಿದ್ದಳು.

"ಇದು ನಿನ್ನ ಪೆಟ್ಟಿಗೆ ಅಕ್ಕಾ. ನೀನೇ ಬರಿ."

ಅಕ್ಕ ಒಮ್ಮೆ ಅವಳ ಮುಖ ನೋಡಿದಳು. ಅಷ್ಟೇ ಸಾಕಾಯಿತು, ಗೊತ್ತಾಯಿತು. ದನಿ ತಗ್ಗಿಸಿ, "ಇಲ್ಲಿ ಬೇಡ ಕಣೆ. ಕೋಣೆಗೆ ಹೋಗಿ ಮಾಡೋಣ. ಯಾರಿಗೂ..." ಎಂದಳು.

"ನಾನು ಬೈಸ್ಕೊಂಡಿದ್ದು ಇಲ್ಲಿ. ಇಲ್ಲೇ ಮಾಡು."

"ಹೊಸ ದಾರಿ ತೆಗೆದ್ರೆ ಕ್ಯಾಮೆರಾ ನಿಂತುಹೋಗುತ್ತೆ. ಮ್ಯಾನೇಜರು ನನ್ನ..."

"ತೆಗೀಬೇಡ. ದಾರಿ ಹಾಗೇ ಇರ್ಲಿ. ಒಂದೇ ಒಂದು ಸಾಲು ಸೇರ್ಸು. ಹರಾಜಿನ ಚಿತ್ರಕ್ಕೆ ಮಾತ್ರ, ಬಾಗಿಲು ಐಸ್ ಮನೆಯದು ಅಂತ. ಮಿಕ್ಕಿದ್ದೆಲ್ಲ ಕ್ರೇನಿನ ಬಾಗಿಲಿಂದ ಹೋಗ್ಲಿ."

ಅಕ್ಕ ಲ್ಯಾಪ್‌ಟಾಪ್ ತೆರೆದಳು. ಹೀಗೂ ಮಾಡಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ತೆಗೆಯಬೇಕು ಇಲ್ಲವೇ ಮುಚ್ಚಿಡಬೇಕು, ಎರಡೇ ದಾರಿ ಎಂದು ತಿಳಿದಿದ್ದಳು. ಊಟದ ಹೊತ್ತಿನಲ್ಲಿ ಒಂದು ಮಾತು ಕೇಳಿದ್ದರೆ ಇಬ್ಬರೂ ಸೇರಿ ಕೈ ತೊಳೆಯುವಷ್ಟರಲ್ಲಿ ಮುಗಿಸುತ್ತಿದ್ದರು.

ಅಕ್ಕ ಬರೆಯತೊಡಗಿದಳು. ಎರಡು ಸಲ ತಪ್ಪು ಒತ್ತಿ ಅಳಿಸಿದಳು. ಹೆಂಗಸರು ಒಬ್ಬೊಬ್ಬರಾಗಿ ಸುತ್ತ ಬಂದು ನಿಂತರು. ಅಕ್ಕ ಕೊನೆಯ ಕೀಲಿ ಒತ್ತಿದಳು. ಕಣ್ಣು ಮಿಟುಕಿಸುವುದರೊಳಗೆ ಅಷ್ಟೂ ಪರದೆಗಳು ಬೆಳಗಿ, ಗಡಿಯಾರದ ಮುಳ್ಳು ಇಳಿಯತೊಡಗಿತು.

ಏಡಿ ಅಜ್ಜಿ ಪರದೆ ನೋಡಿದಳು, ಕೀಲಿಗಳ ಮೇಲಿದ್ದ ಅಕ್ಕನ ಕೈ ನೋಡಿದಳು, ಪಿಟೀಲಿನ ಮುಖ ನೋಡಿದಳು. ವ್ಯಾಪಾರ ಮಾಡಿ ಹಣ್ಣಾದ ಕಣ್ಣು, ಹೇಳಿಕೊಡಬೇಕಾಗಿರಲಿಲ್ಲ.

"ಓ! ಕೈ ಇಲ್ಲಿತ್ತಾ?" ಎಂದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿಸ್ಬಿಟ್ರಲ್ಲ ನಮ್ಮ ಕೈಲಿ."

ಅಕ್ಕ ತಲೆ ತಗ್ಗಿಸಿದಳು. "ಹೆದರಿಕೆ ಆಯ್ತು ಕಣೆ" ಎಂದಳು, ಪಿಟೀಲಿಗೆ ಮಾತ್ರ ಕೇಳುವ ಹಾಗೆ.

"ಮೊದಲ ದಿನ ಹೆದರಿದ್ದಕ್ಕೆ ನನಗೇನೂ ಇಲ್ಲ ಅಕ್ಕಾ. ಆಮೇಲೆ ದಿನಾ ಊಟ ಹಂಚಿಕೊಂಡ್ಯಲ್ಲ."

ಲ್ಯಾಪ್‌ಟಾಪ್ ಮುಚ್ಚಿಕೊಂಡು ಅಕ್ಕ ಅಂಗಳ ದಾಟಿ ಹೋದಳು. ಗುಂಡಿಗಳು ಬೀಳತೊಡಗಿದವು, ಶೆಡ್ಡು ಗಿಜಿಗುಟ್ಟಿತು. ಅಜ್ಜಿ ಪಿಟೀಲಿನ ಪಕ್ಕ ಬಂದು ನಿಂತಳು.

"ಬೈದುಬಿಟ್ಟೆ ನಿನ್ನ."

"ಹೌದು ಅಜ್ಜಿ."

"ಆಡಿದ್ದನ್ನ ವಾಪಸ್ ತಗೊಳ್ಳೋ ಅಭ್ಯಾಸ ಇಲ್ಲ ನನಗೆ. ಒಂದು ಒಳ್ಳೇ ಏಡಿ ಆರಿಸ್ಕೋ."

"ಬೇಡಜ್ಜಿ. ಅದರ ಕೊಂಡಿ ಕಟ್ಟೋಕೆ ನಮ್ಮನೆಯವರನ್ನೇ ಕರೀಬೇಕಾಗುತ್ತೆ" ಎಂದಳು ಪಿಟೀಲು. ಅಜ್ಜಿ ನಕ್ಕಳು. ಅವಳಿಗೆ ಪೂರ್ತಿ ಅರ್ಥವಾಗಿರಲಿಲ್ಲ.

ಮ್ಯಾನೇಜರು ಅಕ್ಕನನ್ನು ಕೆಲಸದಿಂದ ತೆಗೆಯುವೆನೆಂದಾಗ ಬೇಡವೆಂದವಳು ಪಿಟೀಲೇ. ಭಾವ ಹಾಸಿಗೆ ಹಿಡಿದಿದ್ದದ್ದು ಸುಳ್ಳಲ್ಲವಲ್ಲ. ಅಕ್ಕ ತೂಕದ ವಿಭಾಗಕ್ಕೆ ಹೋದಳು. ಎಲ್ಲ ಪೆಟ್ಟಿಗೆಗಳೂ ಪಿಟೀಲಿನ ಕೈಗೆ ಬಂದವು. ಜನ ಅವಳನ್ನು ದೊಡ್ಡ ಮನಸ್ಸಿನವಳು ಎಂದರು. ಮನಸ್ಸು ದೊಡ್ಡದೋ ಚಿಕ್ಕದೋ, ಒಂದು ಮೂಲೆ ಖಾಲಿಯಾಗಿತ್ತು. ಅವಳು ಮೊದಲು ಮಾಡಿದ ಕೆಲಸ ಪಾಸ್‌ವರ್ಡು ಬದಲಿಸಿದ್ದು. ಹೊಸದೇನೆಂದು ಬರೆದು, ಮೊಹರು ಹಾಕಿದ ಲಕೋಟೆಯಲ್ಲಿ ಮ್ಯಾನೇಜರ ಕೈಗೆ ಕೊಟ್ಟಳು. ಮನೆಯವರಾರಿಗೂ ಹೇಳಲಿಲ್ಲ.

ಮಗಳು ಮೊದಲಿನ ಹಾಗೇ ಕಬ್ಬಿಣದ ಮೆಟ್ಟಿಲು ಹತ್ತಿ ಇಳಿದು ದೊಡ್ಡಮ್ಮನ ಮಡಿಲಲ್ಲಿ ಆಡುತ್ತಾಳೆ. ಪಿಟೀಲು ತಡೆಯುವುದಿಲ್ಲ. ಕೆಳಗಿನಿಂದ ಅಕ್ಕ ಏನಾದರೂ ಬಟ್ಟಲಿಗೆ ಹಾಕಿ ಕಳಿಸಿದರೆ ತೆಗೆದುಕೊಂಡು, ಬಟ್ಟಲು ತೊಳೆದು ಮಗಳ ಕೈಲೇ ವಾಪಸು ಕಳಿಸುತ್ತಾಳೆ. ಖಾಲಿ ಬಟ್ಟಲು. ಮೊದಲೆಲ್ಲ ಖಾಲಿ ಬಟ್ಟಲು ಆ ಮೆಟ್ಟಿಲು ಇಳಿದದ್ದೇ ಇಲ್ಲ.

ಗಂಡ ಮುಂಚಿಗಿಂತ ಹೆಚ್ಚು ಮಾತಾಡುತ್ತಾನೆ ಈಗ. ಬೆಳಗ್ಗೆ ಕ್ರೇನಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಮಳೆ ಇಲ್ಲ ಕಣೆ, ಬಟ್ಟೆ ಹೊರಗೇ ಹಾಕು" ಎನ್ನುತ್ತಾನೆ. ಸರಿ ಎನ್ನುತ್ತಾಳೆ. ಅವನು ಮೆಟ್ಟಿಲಿಳಿದು ಹೋಗುವವರೆಗೆ ಕಾದು, ಕಿಟಕಿ ತೆರೆದು, ಕೈಯನ್ನು ಹೊರಗೆ ಚಾಚಿ ಸ್ವಲ್ಪ ಹೊತ್ತು ಹಾಗೇ ಹಿಡಿಯುತ್ತಾಳೆ.